ಟಕ್ ಎಂದರೂ ಬೀಸದ ಗಾಳಿ: ವಾಹನದ ಹೀಟರ್ ರಿಲೇಯ ದೋಷ ಹಿಡಿಯುವ ಬಗೆ

ಕೊರೆಯುವ ಚಳಿಯ ಬೆಳಗ್ಗೆ ವಾಹನದ ಮುಂಗಾಜಿನ ಒಳಮೈಗೆಲ್ಲ ಮಂಜು ಕಟ್ಟಿರುತ್ತದೆ. ಹೀಟರ್ ಗುಂಡಿ ತಿರುಗಿಸಿದರೆ ಗಾಳಿಯ ಸುಳಿವೇ ಇಲ್ಲ. ಬಟ್ಟೆಯಿಂದ ಒರೆಸಿದ ಗಾಜು ನೋಡುತ್ತಿದ್ದಂತೆಯೇ ಮತ್ತೆ ಮಬ್ಬಾಗುತ್ತದೆ. ನಿನ್ನೆಯವರೆಗೆ ಹೀಟರ್ ಎಂದರೆ ಬೆಚ್ಚಗಿರುವ ಸುಖವಷ್ಟೇ ಆಗಿತ್ತು. ಈಗ ರಸ್ತೆ ಕಾಣುವುದೇ ಅದರ ಮೇಲೆ ನಿಂತಿದೆ.

ಇಂಥ ಹೊತ್ತಿನಲ್ಲಿ ‘ರಿಲೇ ಹೋಗಿರಬೇಕು’ ಎಂಬ ಮಾತು ಯಾರ ಬಾಯಿಂದಲಾದರೂ ಬಂದೇ ಬರುತ್ತದೆ. ಮಾತು ನಿಜವೂ ಇರಬಹುದು. ಆದರೆ ಹೊಸ ರಿಲೇ ಹಾಕಿದ ಮೇಲೂ ಹೀಟರ್ ಸುಮ್ಮನಿದ್ದರೆ, ಅಥವಾ ಎರಡು ವಾರ ಓಡಿ ಮತ್ತೆ ನಿಂತರೆ, ತಪ್ಪು ಎಲ್ಲಿತ್ತು? ರಿಲೇ ಎಂದರೆ ಸಣ್ಣ ಕರೆಂಟಿನ ಅಪ್ಪಣೆಗೆ ದೊಡ್ಡ ಕರೆಂಟನ್ನು ಹರಿಯಬಿಡುವ ಸ್ವಿಚ್ಚು, ಎರಡು ಸರ್ಕ್ಯೂಟ್‌ಗಳು ಕೂಡುವ ಜಾಗ. ಎರಡರಲ್ಲಿ ಯಾವುದು ಕೆಟ್ಟರೂ ಅನುಮಾನ ಬೀಳುವುದು ಅದರ ಮೇಲೆಯೇ. ಅದೇ ಕಾರಣಕ್ಕೆ, ದೋಷ ಎಲ್ಲಿದೆ ಎಂದು ಕೇಳಿ ತಿಳಿಯಲು ಅದು ಕೂರುವ ಸಾಕೆಟ್‌ಗಿಂತ ಒಳ್ಳೆಯ ಜಾಗವೂ ಇಲ್ಲ.

ಗಾಳಿಯೇ ಇಲ್ಲವೋ, ಬಿಸಿ ಇಲ್ಲವೋ?

ಎಂಜಿನ್ ಇರುವ ಬಹುತೇಕ ವಾಹನಗಳಲ್ಲಿ ಹೀಟರಿನ ಬಿಸಿ ಬರುವುದು ವಿದ್ಯುತ್ತಿನಿಂದಲ್ಲ. ಎಂಜಿನ್ನನ್ನು ತಣಿಸಿ ಕಾದ ಕೂಲೆಂಟ್ ನೀರು ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿನೊಳಗೆ ಹರಿಯುತ್ತದೆ. ಬ್ಲೋವರ್ ಎಂಬ ಫ್ಯಾನ್ ಅದರ ಮೂಲಕ ಗಾಳಿ ಊದುತ್ತದೆ. ವಿದ್ಯುತ್ತಿನ ಪಾಲು ಮುಖ್ಯವಾಗಿ ಈ ಊದುವಿಕೆಯದು. ಆದ್ದರಿಂದ ಗಾಳಿ ಜೋರಾಗಿಯೇ ಬರುತ್ತಿದ್ದು ತಣ್ಣಗಿದ್ದರೆ ರಿಲೇಯನ್ನು ಮುಟ್ಟುವ ಅಗತ್ಯವಿಲ್ಲ. ಕೂಲೆಂಟ್ ಕಡಿಮೆಯಾಗಿರಬಹುದು, ಕೂಲೆಂಟಿನ ಹರಿವು ನಿಯಂತ್ರಿಸುವ ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರಬಹುದು, ಬಿಸಿ ಗಾಳಿಯ ದಾರಿ ತೆರೆಯುವ ಒಳಗಿನ ಕದ ತಿರುಗದಿರಬಹುದು. ಅದು ನೀರಿನ ಮತ್ತು ಗಾಳಿದಾರಿಯ ಕಥೆ.

ಇನ್ನೊಂದು ಲಕ್ಷಣ ಇದಕ್ಕಿಂತ ಹೆಚ್ಚು ಮೋಸ ಮಾಡುತ್ತದೆ. ಹಲವು ವಾಹನಗಳಲ್ಲಿ ಬ್ಲೋವರ್ ಕೊನೆಯ ವೇಗದಲ್ಲಿ ಮಾತ್ರ ಓಡುತ್ತದೆ, ಕೆಳಗಿನ ವೇಗಗಳೆಲ್ಲ ಸತ್ತಿರುತ್ತವೆ. ಇಲ್ಲಿ ಅನುಮಾನ ಹೋಗಬೇಕಾದದ್ದು ರೆಸಿಸ್ಟರ್ ಎಂಬ ಭಾಗದ ಮೇಲೆ. ಕಡಿಮೆ ವೇಗಗಳಲ್ಲಿ ಕರೆಂಟು ರೆಸಿಸ್ಟರನ್ನು ಹಾದು ಬರುತ್ತದೆ. ಗರಿಷ್ಠ ವೇಗದಲ್ಲಿ ಅದನ್ನು ಹಾಯದೆ ನೇರವಾಗಿ ಮೋಟಾರಿಗೆ ಹೋಗುತ್ತದೆ. ಇಷ್ಟು ಗೊತ್ತಿದ್ದರೆ ಎಷ್ಟೋ ಒಳ್ಳೆಯ ರಿಲೇಗಳ ಜೀವ ಉಳಿಯುತ್ತದೆ.

ಯಾವ ವೇಗದಲ್ಲಿಯೂ ಗಾಳಿ ಇಲ್ಲ, ಅಥವಾ ಬಂದು ಬಂದು ನಿಲ್ಲುತ್ತದೆ ಎಂದಾದರೆ ಮುಂದೆ ಓದಬಹುದು.

0.15 ಆಂಪಿಯರ್ ಕೊಟ್ಟು 20 ಆಂಪಿಯರ್ ಪಡೆಯುವ ಡಬ್ಬಿ

ಪೂರ್ಣ ವೇಗದಲ್ಲಿ ಓಡುವ ಬ್ಲೋವರ್ ಮೋಟಾರು ಸುಮಾರು 20 ಆಂಪಿಯರ್ ಎಳೆಯಬಲ್ಲದು. ಇಷ್ಟು ಕರೆಂಟನ್ನು ಡ್ಯಾಶ್‌ಬೋರ್ಡಿನ ಸ್ವಿಚ್ಚಿನವರೆಗೆ ತಂದು ಮತ್ತೆ ಮೋಟಾರಿಗೆ ಕೊಂಡೊಯ್ಯಬೇಕಾದರೆ ಉದ್ದಕ್ಕೂ ದಪ್ಪ ವೈರು ಬೇಕು, ಸ್ವಿಚ್ಚೂ ಬೇಗ ಸುಟ್ಟುಹೋಗುತ್ತದೆ. ಅದಕ್ಕೆ ಕಂಡುಕೊಂಡ ಉಪಾಯವೇ ರಿಲೇ. ಪಂಪ್‌ಸೆಟ್ಟಿನ ಸ್ಟಾರ್ಟರ್ ಕಂಡವರಿಗೆ ಇದು ಹೊಸದಲ್ಲ. ಬೆರಳಿನಿಂದ ಒತ್ತುವ ಹಸಿರು ಗುಂಡಿಯಲ್ಲಿ ಹರಿಯುವ ಕರೆಂಟು ಅತ್ಯಲ್ಪ. ಅದು ಒಳಗಿನ ಕಾಯಿಲ್ ಎಂಬ ತಂತಿ ಸುರುಳಿಗೆ ಕಾಂತತ್ವ ಕೊಡುತ್ತದೆ, ಕಾಯಿಲ್ ಲೋಹದ ಪಟ್ಟಿಯನ್ನು ಎಳೆದುಕೊಳ್ಳುತ್ತದೆ, ಪಂಪು ಓಡಿಸುವ ದೊಡ್ಡ ಕರೆಂಟು ಆ ಪಟ್ಟಿಯ ಮೂಲಕ ಹರಿಯುತ್ತದೆ. ವಾಹನದ ರಿಲೇ ಬೆಂಕಿಪೊಟ್ಟಣದಷ್ಟೇ ಇರುವ ಅಂಥದೊಂದು ಸ್ಟಾರ್ಟರ್.

12 ವೋಲ್ಟಿನ ಸಾಮಾನ್ಯ ರಿಲೇಯ ಕಾಯಿಲ್‌ಗೆ 60ರಿಂದ 120 ಓಮ್ ರೋಧ, ಅಂದರೆ ಕರೆಂಟಿಗೆ ಒಡ್ಡುವ ತಡೆ, ಇರುತ್ತದೆ. 80 ಓಮ್ ಎಂದಿಟ್ಟುಕೊಂಡರೆ, 12 ಭಾಗಿಸು 80, ಅಂದರೆ 0.15 ಆಂಪಿಯರ್. ಇಷ್ಟು ಸಣ್ಣ ಕರೆಂಟಿನ ಅಪ್ಪಣೆಗೆ 20 ಆಂಪಿಯರ್ ಓಡಾಡುತ್ತದೆ. ನಮಗೆ ಕೇಳಿಸುವ ‘ಟಕ್’ ಎಂಬ ಸದ್ದು ಆ ಪಟ್ಟಿ ಬಡಿದ ಸದ್ದು. ದೂರದ ಪಯಣದಲ್ಲಿ ದಣಿದ ಕುದುರೆ ಬಿಟ್ಟು ಹೊಸ ಕುದುರೆ ಕಟ್ಟುವ ಏರ್ಪಾಡಿಗೆ ರಿಲೇ ಎನ್ನುತ್ತಿದ್ದರು. ದಾರಿಯಲ್ಲಿ ಸೊರಗಿದ ತಂತಿ ಸಂದೇಶಕ್ಕೆ ಹೊಸ ಬ್ಯಾಟರಿಯ ಬಲ ಕೊಟ್ಟು ಮುಂದಕ್ಕೆ ಕಳುಹಿಸುತ್ತಿದ್ದ ಟೆಲಿಗ್ರಾಫಿನ ಸಾಧನಕ್ಕೂ ಅದೇ ಹೆಸರು ಅಂಟಿತು.

ರಿಲೇಯ ತಳದಲ್ಲಿರುವ ಪಿನ್ನುಗಳ ಪಕ್ಕದ ಅಂಕಿಗಳು ಜರ್ಮನಿಯ ಡಿಐಎನ್ 72552 ಎಂಬ ಮಾನಕದಿಂದ ಬಂದವು. 85 ಮತ್ತು 86 ಕಾಯಿಲ್‌ನ ಎರಡು ತುದಿಗಳು. 30ಕ್ಕೆ ಬ್ಯಾಟರಿಯ ಕರೆಂಟು ಬರುತ್ತದೆ, 87ರಿಂದ ಅದು ಮೋಟಾರಿಗೆ ಹೊರಡುತ್ತದೆ. ಐದನೆಯ ಪಿನ್ ಇದ್ದರೆ ಅದು ಸಾಮಾನ್ಯವಾಗಿ 87ಎ. ರಿಲೇ ವಿಶ್ರಾಂತಿಯಲ್ಲಿರುವಾಗ 30ರ ಜೊತೆ ಕೂಡಿರುವ ಪಿನ್ ಅದು. ಕೆಲವು ಜಪಾನಿ ವಾಹನಗಳಲ್ಲಿ ಈ ಅಂಕಿಗಳು ಇರುವುದಿಲ್ಲ. 1 ಮತ್ತು 2 ಕಾಯಿಲ್, 3 ಮತ್ತು 5 ಕಾಂಟ್ಯಾಕ್ಟ್ (ದೊಡ್ಡ ಕರೆಂಟು ದಾಟಲು ಕೂಡಿ ಬಿಡುವ ಲೋಹದ ತುದಿಗಳು) ಎಂದಿರುತ್ತದೆ. ಗೊಂದಲವಾದರೆ ರಿಲೇಯ ಮೈಮೇಲೆ ಅಚ್ಚಾದ ಪುಟ್ಟ ಚಿತ್ರವನ್ನೇ ನಂಬಬೇಕು.

ಬಿಚ್ಚುವ ಮೊದಲು

ಬೇಕಾದ ಸಲಕರಣೆ ಹೆಚ್ಚಿಲ್ಲ. ವೋಲ್ಟ್, ಓಮ್ ಅಳೆಯುವ ಒಂದು ಮಲ್ಟಿಮೀಟರ್, ಕರೆಂಟಿದ್ದರೆ ಹತ್ತುವ ಒಂದು ಟೆಸ್ಟ್ ಲ್ಯಾಂಪ್, ನಡುವೆ ಫ್ಯೂಸ್ ಕೂರಿಸಿದ ಒಂದು ತುಂಡು ವೈರು. ರಿಲೇ ಎಲ್ಲಿದೆ ಎಂಬುದು ವಾಹನದ ಕೈಪಿಡಿಯಲ್ಲಿ ಅಥವಾ ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ ಇರುತ್ತದೆ.

ಮೊದಲು ಫ್ಯೂಸ್ ನೋಡಬೇಕು, ಅದನ್ನು ಕೀಳದೆಯೇ. ಫ್ಯೂಸಿನ ಬೆನ್ನ ಮೇಲೆ ಎರಡು ಲೋಹದ ಚುಕ್ಕೆಗಳಿರುತ್ತವೆ. ಇಗ್ನಿಷನ್ ಕೀ ತಿರುಗಿಸಿ, ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ವಾಹನದ ಬಣ್ಣವಿಲ್ಲದ ಲೋಹಕ್ಕೆ ಸಿಕ್ಕಿಸಿ, ಎರಡೂ ಚುಕ್ಕೆಗಳನ್ನು ಮುಟ್ಟಬೇಕು. ಎರಡರಲ್ಲೂ ದೀಪ ಹತ್ತಿದರೆ ಫ್ಯೂಸ್ ಸರಿ. ಒಂದರಲ್ಲಿ ಮಾತ್ರ ಹತ್ತಿದರೆ ಸುಟ್ಟಿದೆ. ಎರಡರಲ್ಲೂ ಹತ್ತದಿದ್ದರೆ ಫ್ಯೂಸಿಗೇ ಕರೆಂಟು ಬಂದಿಲ್ಲ, ಹುಡುಕಾಟ ಹಿಂದಕ್ಕೆ ಸಾಗಬೇಕು.

ಅದಾದ ಮೇಲೆ ರಿಲೇ ಮೇಲೆ ಬೆರಳಿಟ್ಟು, ಇನ್ನೊಬ್ಬರಿಂದ ಹೀಟರ್ ಗುಂಡಿ ತಿರುಗಿಸಿ ನೋಡಬೇಕು. ಟಕ್ ಎಂದರೆ ಕಾಯಿಲ್ ಮತ್ತು ಅದಕ್ಕೆ ಅಪ್ಪಣೆ ಬರುವ ದಾರಿ ಜೀವಂತ ಇವೆ ಎಂದು ಅರ್ಥ. ಆದರೆ ಕಾಂಟ್ಯಾಕ್ಟ್ ಚೆನ್ನಾಗಿದೆ ಎಂದು ಅರ್ಥವಲ್ಲ. ಎಷ್ಟೋ ಜನ ಎಡವುವುದು ಇಲ್ಲೇ. ಅದೇ ಪೆಟ್ಟಿಗೆಯಲ್ಲಿ ಹಾರನ್ನಿಗೋ ಬೇರಾವುದಕ್ಕೋ ಅದೇ ನಮೂನೆಯ ರಿಲೇ ಇದ್ದರೆ ಅದಲು ಬದಲು ಮಾಡಿ ನೋಡುವುದು ಎಲ್ಲಕ್ಕಿಂತ ಸುಲಭದ ಪರೀಕ್ಷೆ. ಮೈಮೇಲಿನ ಸಂಖ್ಯೆ, ವೋಲ್ಟೇಜ್, ಪಿನ್ ಚಿತ್ರ ಮೂರೂ ಒಂದೇ ಇರಬೇಕು. ಅಳತೆ ಹೊಂದಿತು, ಸಾಕೆಟ್ಟಿನಲ್ಲಿ ಕೂತಿತು ಎಂದ ಮಾತ್ರಕ್ಕೆ ಅದು ಅದೇ ರಿಲೇ ಆಗುವುದಿಲ್ಲ.

ನಾಲ್ಕು ಕಿಂಡಿಗಳ ವಿಚಾರಣೆ

ರಿಲೇ ಕಿತ್ತರೆ ಸಾಕೆಟ್ಟಿನಲ್ಲಿ ನಾಲ್ಕು ಕಿಂಡಿಗಳು ಕಾಣುತ್ತವೆ. ಇಡೀ ಹೀಟರ್ ಸರ್ಕ್ಯೂಟು ಇಲ್ಲಿ ನಾಲ್ಕು ತುಂಡಾಗಿ ನಿಂತಿರುತ್ತದೆ: ಬರುವ ಕರೆಂಟು, ಹೋಗುವ ದಾರಿ, ಕಾಯಿಲ್‌ಗೆ ಬೇಕಾದ ಪ್ಲಸ್, ಕಾಯಿಲ್‌ಗೆ ಬೇಕಾದ ಅರ್ತ್, ಅಂದರೆ ವಾಹನದ ಲೋಹದ ಮೂಲಕ ಬ್ಯಾಟರಿಯ ಮೈನಸ್‌ಗೆ ಮರಳುವ ದಾರಿ. ಒಂದೊಂದನ್ನೇ ಪ್ರತ್ಯೇಕವಾಗಿ ಪ್ರಶ್ನಿಸುವ ಅವಕಾಶ ವಾಹನದಲ್ಲಿ ಬೇರೆಲ್ಲೂ ಇಷ್ಟು ಸಲೀಸಾಗಿ ಸಿಗುವುದಿಲ್ಲ.

ಕೀ ಆನ್ ಇರಲಿ, ಹೀಟರ್ ಗುಂಡಿ ಗರಿಷ್ಠ ವೇಗದಲ್ಲಿರಲಿ. ಮೀಟರಿನ ಕಪ್ಪು ಕಡ್ಡಿ ವಾಹನದ ಲೋಹಕ್ಕೆ, ಕೆಂಪು ಕಡ್ಡಿ 30ರ ಕಿಂಡಿಗೆ. ಬ್ಯಾಟರಿಯಲ್ಲಿರುವಷ್ಟೇ ವೋಲ್ಟೇಜ್ ಇಲ್ಲಿಯೂ ಕಾಣಬೇಕು. ಎಂಜಿನ್ ನಿಂತಿದ್ದು ಬ್ಯಾಟರಿ ತುಂಬಿದ್ದರೆ ಅದು ಸುಮಾರು 12.6 ವೋಲ್ಟ್. ಇಲ್ಲವಾದರೆ ತೊಂದರೆ ಬ್ಯಾಟರಿಯಿಂದ ಇಲ್ಲಿಯವರೆಗಿನ ಹಾದಿಯಲ್ಲಿದೆ. ಕಂಡಿತೆಂದು ಪೂರ್ತಿ ನಂಬುವಂತೆಯೂ ಇಲ್ಲ. ವೈರಿನ ಎಳೆಗಳೆಲ್ಲ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಮೀಟರ್ 12.6 ಎಂದೇ ತೋರಿಸುತ್ತದೆ, ಏಕೆಂದರೆ ಮೀಟರ್ ತಾನು ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಅದೇ ಕಿಂಡಿಗೆ ಬಲ್ಬಿನ ಹೊರೆ ಹೇರಿ ನೋಡಬೇಕು. ಹಳೆಯ 55 ವ್ಯಾಟಿನ ಹೆಡ್‌ಲೈಟ್ ಬಲ್ಬಿಗೆ ಎರಡು ವೈರು ಜೋಡಿಸಿಕೊಂಡರೆ ಅದು ನಾಲ್ಕೂವರೆ ಆಂಪಿಯರಿನಷ್ಟು ಎಳೆಯುತ್ತದೆ. ಸೊರಗಿದ ವೈರಿದ್ದರೆ ಬಲ್ಬು ಮಂಕಾಗಿ ಗುಟ್ಟು ಬಿಟ್ಟುಕೊಡುತ್ತದೆ.

ಮುಂದೆ 85 ಮತ್ತು 86. ಇಲ್ಲಿ ಬಲ್ಬು ಬೇಡ, ಮೀಟರೇ ಸಾಕು. ಈಚಿನ ವಾಹನಗಳಲ್ಲಿ ಕಾಯಿಲ್‌ನ ಒಂದು ತುದಿಯನ್ನು ಕಂಪ್ಯೂಟರ್ ನಿಯಂತ್ರಿಸುತ್ತದೆ. ಅದರ ಮೇಲೆ ದೊಡ್ಡ ಹೊರೆ ಹೇರಬಾರದು. ಎರಡೂ ಕಡ್ಡಿಗಳನ್ನು ಈ ಎರಡು ಕಿಂಡಿಗಳಿಗೇ ಇಟ್ಟಾಗ 12 ವೋಲ್ಟಿನ ಆಸುಪಾಸು ತೋರಿಸಿದರೆ ನಿಯಂತ್ರಣದ ಹಾದಿ ಪೂರ್ತಿ ಸರಿ ಇದೆ. ಸೊನ್ನೆ ಬಂದರೆ ಪ್ಲಸ್ ಇಲ್ಲವೋ ಅರ್ತ್ ಇಲ್ಲವೋ ಬೇರ್ಪಡಿಸಬೇಕು. ಕಪ್ಪು ಕಡ್ಡಿಯನ್ನು ವಾಹನದ ಲೋಹಕ್ಕಿಟ್ಟು ಎರಡೂ ಕಿಂಡಿಗಳಲ್ಲಿ ಪ್ಲಸ್ ಹುಡುಕುವುದು ಮೊದಲ ಹೆಜ್ಜೆ. ಪ್ಲಸ್ ಸಿಕ್ಕರೆ, ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್‌ಗೆ, ಕಪ್ಪನ್ನು ಉಳಿದ ಕಿಂಡಿಗೆ ಇಟ್ಟು ನೋಡಬೇಕು; 12 ಕಂಡರೆ ಅರ್ತ್ ಇದೆ. ಸ್ವಿಚ್ಚು ಕೆಲವು ವಾಹನಗಳಲ್ಲಿ ಪ್ಲಸ್ ಕೊಡುತ್ತದೆ, ಕೆಲವುಗಳಲ್ಲಿ ಅರ್ತ್ ಕೊಡುತ್ತದೆ. ಯಾವುದು ಕಾಣೆಯಾಗಿದೆಯೋ ಆ ದಾರಿ ಹಿಡಿದು ಹಿಂದಕ್ಕೆ ಹೋಗಬೇಕು. ಕಂಪ್ಯೂಟರ್ ಇರುವಲ್ಲಿ ಇನ್ನೊಂದು ಸಾಧ್ಯತೆಯೂ ಉಂಟು: ಬ್ಯಾಟರಿ ಸೊರಗಿದೆ ಎಂದೋ ಎಂಜಿನ್ ಓಡುತ್ತಿಲ್ಲ ಎಂದೋ ಅದು ಬೇಕೆಂದೇ ಅಪ್ಪಣೆ ತಡೆದಿರಬಹುದು.

ಕೊನೆಯದು 87. ಫ್ಯೂಸ್ ಇರುವ ವೈರಿನ ತುಂಡಿನಿಂದ 30 ಮತ್ತು 87ರ ಕಿಂಡಿಗಳನ್ನು ಕೂಡಿಸಬೇಕು. ಅಂದರೆ ರಿಲೇ ಮಾಡುವ ಕೆಲಸವನ್ನು ಒಂದು ಕ್ಷಣ ನಾವೇ ಮಾಡುವುದು. ವೈರಿನ ಫ್ಯೂಸ್ ವಾಹನದಲ್ಲಿ ಬ್ಲೋವರಿಗೆ ಇಟ್ಟಷ್ಟೇ ಸಾಮರ್ಥ್ಯದ್ದಾಗಿರಲಿ. 30ನ್ನು ತಪ್ಪಿ 85ಕ್ಕೋ 86ಕ್ಕೋ ಕೂಡಿಸಬಾರದು. ಕಾಯಿಲ್‌ನ ತೆಳುವಾದ ದಾರಿ, ಅದರ ತುದಿಯ ಕಂಪ್ಯೂಟರ್ ಎರಡೂ ಆ ಕರೆಂಟನ್ನು ತಾಳವು. ಬ್ಲೋವರ್ ತಿರುಗಿದರೆ ಮೋಟಾರು, ಅದರ ವೈರು, ಅದರ ಅರ್ತ್ ಎಲ್ಲವೂ ಸರಿ. ತಿರುಗದಿದ್ದರೆ ದೋಷ ಮುಂದಿದೆ: ಸವೆದ ಬ್ರಷ್ (ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ದಾಟಿಸುವ ತುಂಡು), ಕಳಚಿದ ಕನೆಕ್ಟರ್, ವೇಗ ನಿಯಂತ್ರಿಸುವ ಭಾಗ ಅಥವಾ ಕಿಲುಬು ಹಿಡಿದ ಅರ್ತ್. ಮೋಟಾರಿನ ಮೈಗೆ ಮೆಲ್ಲಗೆ ತಟ್ಟಿದಾಗ ಓಡತೊಡಗಿದರೆ ಬ್ರಷ್ ಸವೆದಿರುವ ಸಂಭವವೇ ಹೆಚ್ಚು.

30ರಲ್ಲಿ ಕರೆಂಟಿದೆ, 85 ಮತ್ತು 86ರ ನಡುವೆ 12 ವೋಲ್ಟ್ ಇದೆ, ವೈರು ಕೂಡಿಸಿದರೆ ಬ್ಲೋವರ್ ಓಡುತ್ತದೆ, ರಿಲೇ ಹಾಕಿದರೆ ಓಡುವುದಿಲ್ಲ ಎಂದಾದರೆ ಈಗ ಧೈರ್ಯವಾಗಿ ಹೇಳಬಹುದು: ಕೆಟ್ಟಿರುವುದು ರಿಲೇ, ಇಲ್ಲವೇ ಅದರ ಪಿನ್ನನ್ನು ಬಿಗಿಯಾಗಿ ಹಿಡಿಯದ ಸಾಕೆಟ್.

ರಿಲೇಯನ್ನು ಮೇಜಿನ ಮೇಲಿಟ್ಟೂ ನೋಡಬಹುದು. 85–86ರ ನಡುವೆ ಓಮ್ ಅಳೆದಾಗ ಅನಂತ ತೋರಿಸಿದರೆ ಕಾಯಿಲ್ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ಒಳಗೇ ಶಾರ್ಟ್ ಆಗಿದೆ. ಕೆಲವು ರಿಲೇಗಳಲ್ಲಿ ಕಾಯಿಲ್ ಪಕ್ಕ ಡಯೋಡ್, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ, ಇರುತ್ತದೆ. ಕಾಯಿಲ್‌ನ ಕರೆಂಟು ನಿಂತ ಕ್ಷಣ ಎದ್ದುಬರುವ ಎತ್ತರದ ವೋಲ್ಟೇಜನ್ನು ಹೀರಿ ಕಂಪ್ಯೂಟರನ್ನು ಕಾಯುವುದು ಅದರ ಕೆಲಸ. ಅಂಥ ರಿಲೇಗೆ ಬ್ಯಾಟರಿಯನ್ನು ತಿರುಗುಮುರುಗಾಗಿ ಕೊಟ್ಟರೆ ಡಯೋಡ್ ಸುಡುತ್ತದೆ. ಮೈಮೇಲಿನ ಚಿತ್ರ ನೋಡಿಯೇ ಕೊಡಬೇಕು.

ಟಕ್ ಎನ್ನುತ್ತದೆ, ಗಾಳಿ ಮಾತ್ರ ಇಲ್ಲ

ರಿಲೇಯ ಕಾಂಟ್ಯಾಕ್ಟ್‌ಗಳು ಪ್ರತಿ ಸಲ ಕೂಡುವಾಗ, ಬಿಡುವಾಗ ಕಿಡಿ ಹಾರುತ್ತದೆ. ವರ್ಷಗಳು ಕಳೆದಂತೆ ಮೇಲ್ಮೈ ಕಪ್ಪಾಗಿ, ಗುಳಿ ಬಿದ್ದು, ಕೂಡಿದಂತೆ ಕಂಡರೂ ಪೂರ್ತಿ ಕೂಡುವುದಿಲ್ಲ. ಓಮ್ ಅಳೆದರೆ ಸೊನ್ನೆಯ ಹತ್ತಿರವೇ ಇರುತ್ತದೆ. ಇದನ್ನು ಹಿಡಿಯಲು ಮೋಟಾರು ಓಡುತ್ತಿರುವಾಗಲೇ ವೋಲ್ಟೇಜ್ ಕುಸಿತ, ಅಂದರೆ ಕಾಂಟ್ಯಾಕ್ಟ್ ದಾಟುವಾಗ ನಷ್ಟವಾಗುವ ವೋಲ್ಟೇಜ್, ಅಳೆಯಬೇಕು.

ರಿಲೇಯನ್ನು ಸ್ವಲ್ಪವೇ ಮೇಲೆತ್ತಿ, 30 ಮತ್ತು 87ರ ಪಿನ್ನುಗಳಿಗೆ ಒಂದಕ್ಕೊಂದು ತಾಗದಂತೆ ಮೀಟರಿನ ಕಡ್ಡಿಗಳನ್ನು ತಾಗಿಸಬೇಕು. ಬ್ಲೋವರ್ ನಿಂತಿದ್ದಾಗ 12 ವೋಲ್ಟ್ ಕಂಡರೆ ಗಾಬರಿ ಬೇಡ, ಕಾಂಟ್ಯಾಕ್ಟ್ ಇನ್ನೂ ಕೂಡಿಲ್ಲ, ಅಷ್ಟೇ. ಪೂರ್ಣ ವೇಗದಲ್ಲಿ ಓಡುವಾಗ 0.1 ಅಥವಾ 0.2 ವೋಲ್ಟ್ ಕಂಡರೆ ಆರೋಗ್ಯ. ಅರ್ಧ ವೋಲ್ಟ್ ದಾಟಿದರೆ ರೋಗ.

ಅರ್ಧ ಒಂದು ವೋಲ್ಟಿಗೆ ಇಷ್ಟೇಕೆ ತಲೆ ಕೆಡಿಸಿಕೊಳ್ಳಬೇಕು? ಕಾಂಟ್ಯಾಕ್ಟ್‌ನಲ್ಲಿ ಕೇವಲ 0.05 ಓಮ್ ರೋಧ ಬೆಳೆದಿದೆ ಎಂದುಕೊಳ್ಳೋಣ. 20 ಆಂಪಿಯರ್ ಹರಿದಾಗ ಅಲ್ಲಿ ಒಂದು ವೋಲ್ಟ್ ನಷ್ಟ. ಒಂದು ವೋಲ್ಟ್, 20 ಆಂಪಿಯರ್: 20 ವ್ಯಾಟ್ ಶಾಖ. ಬಿಸಿ ಬೆಸುಗೆ ಕಡ್ಡಿಯೊಂದನ್ನು ಬೆಂಕಿಪೊಟ್ಟಣದೊಳಗೆ ಇಟ್ಟು ಮುಚ್ಚಿದಂತೆ. ಶಾಖಕ್ಕೆ ಸಾಕೆಟ್ಟಿನ ಲೋಹದ ಹಿಡಿತ ಸಡಿಲವಾಗುತ್ತದೆ, ಸಡಿಲವಾದಷ್ಟೂ ರೋಧ ಏರುತ್ತದೆ, ರೋಧ ಏರಿದಷ್ಟೂ ಶಾಖ. ಕಂದು ಬಣ್ಣಕ್ಕೆ ತಿರುಗಿದ ಪ್ಲಾಸ್ಟಿಕ್ ಮತ್ತು ಸುಟ್ಟ ವಾಸನೆ ಈ ಸುತ್ತಾಟದ ಗುರುತು. ಅಂಥ ಸಾಕೆಟ್ಟಿಗೆ ಹೊಸ ರಿಲೇ ಹಾಕಿದರೆ ಅದಕ್ಕೂ ಅದೇ ಗತಿ. ಸಾಕೆಟ್ ಮತ್ತು ಅದರ ಟರ್ಮಿನಲ್‌ಗಳನ್ನೂ ಬದಲಿಸಬೇಕು.

ಇದೇ ಅಳತೆಯನ್ನು ಅರ್ತ್ ಬದಿಯಲ್ಲೂ ಮಾಡಬಹುದು. ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಬ್ಲೋವರ್ ಅರ್ತ್ ವೈರು ವಾಹನದ ಲೋಹಕ್ಕೆ ಬಿಗಿದ ಜಾಗಕ್ಕೆ. ಇಲ್ಲಿಯೂ 0.2 ವೋಲ್ಟಿನೊಳಗಿರಬೇಕು.

ರಿಲೇಯನ್ನು ಕೊಂದವರು ಯಾರು?

ರಿಲೇ ಸುಟ್ಟಿದೆ ಎಂದು ಗೊತ್ತಾದಾಗ ಕೆಲಸ ಅರ್ಧ ಮುಗಿದಿರುತ್ತದೆ, ಅಷ್ಟೇ. ಬೇರಿಂಗ್ ಒಣಗಿ ಬಿಗಿಯಾದ ಮೋಟಾರು, ಫ್ಯಾನಿನೊಳಗೆ ಸೇರಿಕೊಂಡ ಒಣ ಎಲೆ, ಕಸಕಡ್ಡಿ, ಇವೆಲ್ಲ ಹೆಚ್ಚು ಕರೆಂಟು ಎಳೆಯುತ್ತವೆ. ವೈರನ್ನು ಕತ್ತರಿಸದೆ ಸುತ್ತ ಹಿಡಿದು ಕರೆಂಟು ಅಳೆಯುವ, ಡಿಸಿ (ಬ್ಯಾಟರಿಯ ಕರೆಂಟು) ಅಳೆಯಬಲ್ಲ ಕ್ಲಾಂಪ್ ಮೀಟರನ್ನು ಬ್ಲೋವರ್ ವೈರಿಗೆ ಹಾಕಿ, ಓದಿದ ಅಂಕಿ ಫ್ಯೂಸಿನ ಸಾಮರ್ಥ್ಯದ ಅಂಚಿಗೆ ಬಂದಿದೆಯೇ ನೋಡಬೇಕು. ಬಂದಿದ್ದರೆ ನಿಜವಾದ ರೋಗಿ ಮೋಟಾರು. ಇಂಥಲ್ಲಿ ಫ್ಯೂಸ್ ಪದೇ ಪದೇ ಹೋಗುತ್ತದೆ ಎಂದು ದೊಡ್ಡ ಫ್ಯೂಸ್ ಹಾಕುವವರಿದ್ದಾರೆ. ಫ್ಯೂಸ್ ಇರುವುದು ವೈರನ್ನು ಕಾಯಲು. ಅದನ್ನು ದೊಡ್ಡದು ಮಾಡಿದರೆ ಮುಂದೆ ಫ್ಯೂಸಿನ ಬದಲು ವೈರೇ ಕರಗುತ್ತದೆ.

ನಿಲ್ಲದ ಫ್ಯಾನು

ಕೀ ತೆಗೆದರೂ ಬ್ಲೋವರ್ ಓಡುತ್ತಲೇ ಇದ್ದರೆ, ಬೆಳಗಾಗುವಷ್ಟರಲ್ಲಿ ಬ್ಯಾಟರಿ ಬರಿದಾದರೆ, ಕಾಂಟ್ಯಾಕ್ಟ್‌ಗಳು ಕಿಡಿಯ ಶಾಖಕ್ಕೆ ಬೆಸೆದುಕೊಂಡಿರಬಹುದು. ರಿಲೇ ಕಿತ್ತಾಗ ಫ್ಯಾನು ನಿಂತರೆ 85–86ರ ನಡುವೆ ವೋಲ್ಟೇಜ್ ಉಳಿದಿದೆಯೇ ನೋಡಬೇಕು. ಇಲ್ಲದಿದ್ದರೆ ರಿಲೇಯೇ ಬೆಸೆದಿದೆ. ಇದ್ದರೆ ಅಪ್ಪಣೆ ಕೊಡುವ ಸ್ವಿಚ್ಚೋ ಕಂಪ್ಯೂಟರೋ ಕೈ ಬಿಡುತ್ತಿಲ್ಲ. ತಟ್ಟಿ ಬಿಡಿಸಿದ ರಿಲೇ ಮತ್ತೆ ಬೆಸೆಯುತ್ತದೆ. ಅದನ್ನು ಮರಳಿ ಹಾಕಬಾರದು.

ಡೀಸೆಲ್ ಎಂಜಿನ್ನಿನ ‘ಹೀಟರ್’ ಬೇರೆ

ಗ್ಯಾರೇಜಿನಲ್ಲಿ ಹೀಟರ್ ರಿಲೇ ಎಂದಾಗ ಹೀಟರ್ ಪ್ಲಗ್ಗಿನ ರಿಲೇ ಎಂಬ ಅರ್ಥವೂ ಬರುತ್ತದೆ. ತಣ್ಣಗಿರುವ ಡೀಸೆಲ್ ಎಂಜಿನ್ ಸುಲಭವಾಗಿ ಹೊತ್ತಿಕೊಳ್ಳಲೆಂದು ದಹನಕೋಣೆಯನ್ನು ಕಾಯಿಸುವ ಕಡ್ಡಿಗಳವು. ಕೆಲವೇ ಸೆಕೆಂಡುಗಳಲ್ಲಿ ತುದಿ 800 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ನಾಲ್ಕೂ ಕಡ್ಡಿಗಳು ಸೇರಿ ಆರಂಭದಲ್ಲಿ 60 ಆಂಪಿಯರಿನಷ್ಟು ಎಳೆಯುವುದರಿಂದ ಈ ರಿಲೇಯೂ ದಪ್ಪದ್ದು. ಚಳಿಯಲ್ಲಿ ಎಂಜಿನ್ ಹಿಡಿಯದಿರುವುದು, ಹಿಡಿದ ಮೇಲೆ ಬಿಳಿ ಹೊಗೆ, ಕಾದ ಮೇಲೆ ಎಲ್ಲ ಸರಿ ಎನ್ನುವುದು ಇದರ ಲಕ್ಷಣ. ಡ್ಯಾಶ್‌ಬೋರ್ಡಿನ ಸುರುಳಿ ದೀಪ ಹತ್ತಿ ಆರಿತೆಂದು ಪ್ಲಗ್ಗು ಕಾದಿದೆ ಎನ್ನಲಾಗದು. ಹಲವು ವಾಹನಗಳಲ್ಲಿ ಆ ದೀಪ ಹೇಳುವುದು ಸಮಯವನ್ನು ಮಾತ್ರ.

ಪರೀಕ್ಷೆಯ ದಾರಿ ಅದೇ, ಅವಸರ ಮಾತ್ರ ಹೆಚ್ಚು. ಎಂಜಿನ್ ತಣ್ಣಗಿರುವಾಗ, ಇನ್ನೊಬ್ಬರು ಕೀ ತಿರುಗಿಸಿದ ಕೂಡಲೇ ಪ್ಲಗ್ಗುಗಳಿಗೆ ಕರೆಂಟು ಹಂಚುವ ಲೋಹದ ಪಟ್ಟಿಯಲ್ಲಿ ವೋಲ್ಟೇಜ್ ನೋಡಬೇಕು. ಕೆಲವೇ ಸೆಕೆಂಡುಗಳಲ್ಲಿ ಅದು ಕಡಿತವಾಗಬಹುದು. ಅಲ್ಲಿಗೆ ವೋಲ್ಟೇಜ್ ಚೆನ್ನಾಗಿ ಬರುತ್ತಿದ್ದರೆ ರಿಲೇ ಬಿಟ್ಟು ಪ್ಲಗ್ಗುಗಳತ್ತ ತಿರುಗಬೇಕು. ವೈರು ಬಿಡಿಸಿದ ಸಾಮಾನ್ಯ ಪ್ಲಗ್ಗಿನ ರೋಧ ಒಂದು ಓಮಿನ ಆಸುಪಾಸು ಇರುತ್ತದೆ. ಅನಂತ ಬಂದರೆ ಅದು ಸತ್ತಿದೆ. ಹೊಸ ಎಂಜಿನ್‌ಗಳ ಕೆಲವು ಪ್ಲಗ್ಗುಗಳು 12 ವೋಲ್ಟಿಗಿಂತ ಬಹಳ ಕಡಿಮೆಯಲ್ಲಿ ಓಡುವಂಥವು, ಅವಕ್ಕೆ ನೇರ ಬ್ಯಾಟರಿ ಕೊಟ್ಟು ನೋಡುವ ಹಳೆಯ ಅಭ್ಯಾಸ ಬಿಡಬೇಕು.

ಕೈ ಹಾಕಬಾರದ ಕಡೆ

ಲಾರಿ, ಬಸ್ಸುಗಳಂಥ ಭಾರಿ ವಾಹನಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್ ವ್ಯವಸ್ಥೆ. ಮೇಲೆ ಹೇಳಿದ 12 ವೋಲ್ಟ್ ಅಲ್ಲಿ 24 ಆಗುತ್ತದೆ, ಕಾಯಿಲ್‌ನ ರೋಧ ಸುಮಾರು ನಾಲ್ಕು ಪಟ್ಟಾಗುತ್ತದೆ. 12 ವೋಲ್ಟಿನ ರಿಲೇ ಅಲ್ಲಿ ಬೇಗ ಸುಡುತ್ತದೆ.

ಹಳದಿ ಬಣ್ಣದ ಕನೆಕ್ಟರ್‌ಗಳು ಸಾಮಾನ್ಯವಾಗಿ ಏರ್‌ಬ್ಯಾಗಿನವು. ಅವಕ್ಕೆ ಟೆಸ್ಟ್ ಲ್ಯಾಂಪ್ ತಾಗಿಸಿದರೆ ಏರ್‌ಬ್ಯಾಗ್ ಸಿಡಿಯಬಹುದು. ಇನ್ನು ವಿದ್ಯುತ್ ಕಾರು ಮತ್ತು ಹೈಬ್ರಿಡ್‌ಗಳ ಕಿತ್ತಳೆ ಬಣ್ಣದ ಕೇಬಲ್‌ಗಳು. ವಿದ್ಯುತ್ ಕಾರಿನಲ್ಲಿ ಬಿಸಿ ನೀರು ಕೊಡಲು ಎಂಜಿನ್ ಇಲ್ಲದ್ದರಿಂದ ಅನೇಕ ಕಡೆ ಹೀಟರಿಗೆ ಮುಖ್ಯ ಬ್ಯಾಟರಿಯ ನೂರಾರು ವೋಲ್ಟ್ ನೇರವಾಗಿ ಬರುತ್ತದೆ. ಆ ಹೀಟರಿನ ಡಬ್ಬಿಯನ್ನು ತೆರೆಯುವುದು ಅದಕ್ಕೆಂದೇ ತರಬೇತಿ ಪಡೆದವರ ಕೆಲಸ. ಮನೆಯಲ್ಲಿ 12 ವೋಲ್ಟಿನ ಫ್ಯೂಸ್ ನೋಡಿ ಮುಚ್ಚಳ ಹಾಕಿಬಿಡಬೇಕು.